ಮೂತ್ರದಲ್ಲಿ ಸಕ್ಕರೆ: ಎರಡು ಟೆಸ್ಟ್, ಎರಡು ಪ್ರಶ್ನೆ

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತು. ಚಿತ್ರದುರ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಓದುತ್ತಿರುವ ನಮ್ಮ ಬ್ಯಾಚ್‌ನಲ್ಲಿ ಜಾಸ್ತಿ ಗೊಂದಲ ಇರುವುದು ಈ ಪಾಠದಲ್ಲೇ. ಅದಕ್ಕೆ ನನಗೆ ಅರ್ಥವಾದಷ್ಟನ್ನು ಬರೆದಿದ್ದೇನೆ.

ಮೊದಲ ಸಲ ಬೆನೆಡಿಕ್ಟ್ ಟೆಸ್ಟ್ ಮಾಡಿದಾಗ ಹಳದಿ ಬಣ್ಣ ಬಂತು. ರೆಕಾರ್ಡ್ ಪುಸ್ತಕದಲ್ಲಿ ‘ಗ್ಲೂಕೋಸ್ ++’ ಎಂದು ಬರೆದೆ. ಮೇಡಂ ‘ಗ್ಲೂಕೋಸ್’ ಅನ್ನು ಹೊಡೆದುಹಾಕಿ ‘ರೆಡ್ಯೂಸಿಂಗ್ ಪದಾರ್ಥ’ (ಇನ್ನೊಂದಕ್ಕೆ ಎಲೆಕ್ಟ್ರಾನ್ ಕೊಡುವ ಪದಾರ್ಥ) ಎಂದು ತಿದ್ದಿದರು. “ಟ್ಯೂಬ್ ನಿನಗೆ ಗ್ಲೂಕೋಸ್ ಅಂತ ಹೇಳಿತೇನಮ್ಮಾ?” ಎಂದು ಕೇಳಿದರು. ಈ ಪಾಠದ ಅರ್ಧ ಭಾಗ ಆ ಒಂದು ಪ್ರಶ್ನೆಯಲ್ಲೇ ಇದೆ.

ಬೆನೆಡಿಕ್ಟ್ ದ್ರಾವಣ ನೀಲಿ, ಏಕೆಂದರೆ ಅದರಲ್ಲಿ ಕಾಪರ್ ಸಲ್ಫೇಟ್ ಇದೆ. ಜೊತೆಗೆ ಸೋಡಿಯಂ ಕಾರ್ಬೋನೇಟ್ ಮತ್ತು ಸೋಡಿಯಂ ಸಿಟ್ರೇಟ್ ಇವೆ. ಕಾರ್ಬೋನೇಟ್ ದ್ರಾವಣವನ್ನು ಕ್ಷಾರವಾಗಿಸುತ್ತದೆ. ಸಿಟ್ರೇಟ್ ತಾಮ್ರವನ್ನು ತಳಕ್ಕೆ ಕೂರದಂತೆ ಹಿಡಿದಿಡುತ್ತದೆ. 5 ಮಿ.ಲೀ. ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ, 2 ನಿಮಿಷ ಕುದಿಸಿ, ತಣ್ಣಗಾಗಲು ಬಿಡಬೇಕು. ಮೂತ್ರದಲ್ಲಿರುವ ಸಕ್ಕರೆ ತಾಮ್ರಕ್ಕೆ ಎಲೆಕ್ಟ್ರಾನ್ ಕೊಡುತ್ತದೆ, ಆಗ ಹಳದಿಯಿಂದ ಕೆಂಪಿನವರೆಗೆ ಬಣ್ಣ ಕೊಡುವ ಕ್ಯುಪ್ರಸ್ ಆಕ್ಸೈಡ್ ಆಗುತ್ತದೆ. ಹಸಿರು ಬಂದರೆ 100 ಮಿ.ಲೀ.ಗೆ ಸುಮಾರು 0.5 ಗ್ರಾಂ, ಹಳದಿ ಬಂದರೆ 1, ಕಿತ್ತಳೆ ಬಂದರೆ 1.5, ಇಟ್ಟಿಗೆ ಕೆಂಪಾದರೆ 2 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ. ಹಸಿರು ಬಣ್ಣದ್ದೇ ಬೇರೆ ಪದಾರ್ಥ ಅಂತ ಏನೂ ಇಲ್ಲ. ಉಳಿದ ನೀಲಿಯೂ ಹೊಸದಾಗಿ ಬಂದ ಹಳದಿಯೂ ಸೇರಿ ಹಾಗೆ ಕಾಣುತ್ತದೆ, ಅಷ್ಟೇ.

ತಾಮ್ರಕ್ಕೆ ಎಲೆಕ್ಟ್ರಾನ್ ಕೊಟ್ಟವರು ಯಾರು ಎಂದು ಈ ಟೆಸ್ಟ್ ಕೇಳುವುದಿಲ್ಲ. ಗ್ಲೂಕೋಸ್, ಫ್ರಕ್ಟೋಸ್, ಗ್ಯಾಲಕ್ಟೋಸ್, ಲ್ಯಾಕ್ಟೋಸ್, ಕಡೆಗೆ ವಿಟಮಿನ್ ಸಿ ಕೂಡ ಕೊಡಬಲ್ಲದು. ನಾವು ಚಹಾಕ್ಕೆ ಹಾಕುವ ಸಕ್ಕರೆ ಮಾತ್ರ ಕೊಡುವುದಿಲ್ಲ! ಅದು ಸುಕ್ರೋಸ್, ರೆಡ್ಯೂಸಿಂಗ್ ಗುಣ ಅದಕ್ಕಿಲ್ಲ. ಕನ್ನಡದಲ್ಲಿ ಎಲ್ಲವನ್ನೂ ‘ಸಕ್ಕರೆ’ ಎನ್ನುವುದರಿಂದ ಇಲ್ಲಿ ತಪ್ಪುವುದು ಸುಲಭ.

ಎರಡನೆಯ ಟೆಸ್ಟ್ ಸ್ಟ್ರಿಪ್, ಅಂದರೆ ಮೂತ್ರದಲ್ಲಿ ಅದ್ದಿ ಬಣ್ಣ ನೋಡುವ ಪಟ್ಟಿ. ಅದು ಕೇಳುವ ಪ್ರಶ್ನೆ ಬೇರೆ. ಅದರ ಚೌಕದಲ್ಲಿರುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಮಾತ್ರ ಗುರುತಿಸುತ್ತದೆ. ಆಗ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಇನ್ನೊಂದು ಕಿಣ್ವ ಬಣ್ಣ ಬರಿಸುತ್ತದೆ. ಬಾಟಲಿಯ ಮೇಲೆ ಎಷ್ಟು ಸೆಕೆಂಡ್ ಎಂದು ಬರೆದಿದೆಯೋ ಅಷ್ಟಕ್ಕೇ ಓದಿ. ಮೂತ್ರವನ್ನು ಗಂಟೆಗಟ್ಟಲೆ ಹಾಗೇ ಇಟ್ಟರೆ ಬ್ಯಾಕ್ಟೀರಿಯಾ ಗ್ಲೂಕೋಸನ್ನು ತಿಂದುಬಿಡುತ್ತವೆ.

ಇನ್ನು ಉತ್ತರದ ಅರ್ಥ ಏನು? ನಮ್ಮೂರು ಹಿರಿಯೂರು. ವಾಣಿವಿಲಾಸ ಸಾಗರ ಕಣ್ಣೆದುರಿಗೇ ಇರುವುದರಿಂದ ನನಗೆ ಇದು ಬೇಗ ಹತ್ತಿತು. ಅಲ್ಲಿ ನೀರು 130 ಅಡಿ ದಾಟಿದರೆ ಮಾತ್ರ ಕೋಡಿ ಬೀಳುತ್ತದೆ. 1933ರಲ್ಲಿ ಬಿದ್ದಿದ್ದ ಕೋಡಿ ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ಅಷ್ಟೂ ವರ್ಷ ಕೋಡಿ ಒಣಗಿತ್ತು, ಹಾಗಂತ ಕೆರೆಯಲ್ಲಿ ಪ್ರತಿ ವರ್ಷವೂ ಒಂದೇ ಮಟ್ಟದ ನೀರಿತ್ತೇ? ಇಲ್ಲ ಅಲ್ವಾ.

ಕಿಡ್ನಿಯೂ ಹಾಗೇ. ದಿನಕ್ಕೆ ಸುಮಾರು 180 ಗ್ರಾಂ ಗ್ಲೂಕೋಸ್ ಅಲ್ಲಿ ಸೋಸಿ ಇಳಿಯುತ್ತದೆ, ಹೆಚ್ಚುಕಮ್ಮಿ ಪೂರ್ತಿ ವಾಪಸ್ ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಗ್ಲೂಕೋಸ್ ಸುಮಾರು 180 ಮಿ.ಗ್ರಾಂ/ಡೆ.ಲೀ. ದಾಟಿದರೆ ವಾಪಸ್ ಎಳೆಯುವ ಶಕ್ತಿ ಸಾಲದೆ ಮೂತ್ರಕ್ಕೆ ಬೀಳುತ್ತದೆ. ಆರೋಗ್ಯವಾಗಿರುವವರು ಸಂಜೆ ಒಂದು ತಟ್ಟೆ ಮಂಡಕ್ಕಿ ತಿಂದರೂ ಸಾಮಾನ್ಯವಾಗಿ ಆ ಮಟ್ಟ ಮುಟ್ಟುವುದಿಲ್ಲ. ಆದರೆ ಮೂತ್ರದಲ್ಲಿ ‘ಇಲ್ಲ’ ಎಂದು ಬಂದರೆ ರಕ್ತದಲ್ಲಿ 60 ಇದೆಯೋ 170 ಇದೆಯೋ ತಿಳಿಯದು. ಸಕ್ಕರೆ ತೀರಾ ಇಳಿದು ಬೆವರುತ್ತಿರುವವರ ಮೂತ್ರವೂ ‘ಇಲ್ಲ’ ಎಂದೇ ಹೇಳುತ್ತದೆ. ಅದಕ್ಕೇ ಮಧುಮೇಹ ಇದೆಯೇ, ಹತೋಟಿಯಲ್ಲಿದೆಯೇ ಎಂದು ನೋಡಲು ರಕ್ತವೇ ಬೇಕು.

ಕೋಡಿಯ ಎತ್ತರವೂ ಎಲ್ಲರಿಗೂ ಒಂದೇ ಅಲ್ಲ. ಬಸುರಿಯರಲ್ಲಿ ತಗ್ಗುತ್ತದೆ, ರಕ್ತ ಸರಿಯಿದ್ದರೂ ಸ್ಟ್ರಿಪ್ ಬಣ್ಣ ತಿರುಗಬಹುದು. ಬಹಳ ವರ್ಷ ಮಧುಮೇಹ ಇರುವ ವಯಸ್ಸಾದವರಲ್ಲಿ ಏರಿರಬಹುದು, ಆಗ ರಕ್ತದಲ್ಲಿ 220 ಇದ್ದರೂ ಮೂತ್ರ ಚೊಕ್ಕಟವಾಗಿ ಕಾಣಬಹುದು. ಡಾಪಾಗ್ಲಿಫ್ಲೋಜಿನ್‌ನಂಥ ಮಧುಮೇಹದ ಮಾತ್ರೆ ನುಂಗುವವರಲ್ಲಿ ಔಷಧಿಯೇ ಕೋಡಿಯನ್ನು ತಗ್ಗಿಸುತ್ತದೆ. ಅವರಿಗೆ ++++ ಬಂದರೆ ಗಾಬರಿ ಬೇಡ, ಮಾತ್ರೆ ಕೆಲಸ ಮಾಡುತ್ತಿದೆ. ಮಾತ್ರೆಯ ಹೆಸರು ಕೇಳದೆ ರಿಪೋರ್ಟ್ ಕೊಟ್ಟರೆ ಒಂದು ಮನೆಯನ್ನೇ ಸುಮ್ನೆ ಹೆದರಿಸಿದಂತೆ.

ಇನ್ನೊಂದು ಮಾತು. ಪ್ಲಸ್ ಗುರುತು ಗಾಢತೆಯನ್ನು ಹೇಳುತ್ತದೆ, ಒಟ್ಟು ಎಷ್ಟು ಹೋಯಿತು ಎಂದಲ್ಲ. ನೀರು ಜಾಸ್ತಿ ಕುಡಿದರೆ ಬಣ್ಣ ತಿಳಿಯಾಗುತ್ತದೆ. ಒಟ್ಟು ಬೇಕಾದರೆ 24 ಗಂಟೆಯ ಮೂತ್ರ ಕೂಡಿಸಬೇಕು. 2,400 ಮಿ.ಲೀ. ಇದ್ದು, 100 ಮಿ.ಲೀ.ಗೆ 1.5 ಗ್ರಾಂ ಸಿಕ್ಕರೆ, ದಿನಕ್ಕೆ 36 ಗ್ರಾಂ.

ಈಗ ಎರಡು ಟೆಸ್ಟ್‌ಗಳ ಉತ್ತರ ಬೇರೆ ಬೇರೆ ಬಂದರೆ? ನೆಗಡಿಗೆ ದಿನವೂ ವಿಟಮಿನ್ ಸಿ ಮಾತ್ರೆ ತಿನ್ನುತ್ತಿದ್ದ ಗೆಳತಿಯ ಮೂತ್ರ ಬೆನೆಡಿಕ್ಟ್‌ನಲ್ಲಿ ತೆಳು ಹಸಿರಾಯಿತು, ಸ್ಟ್ರಿಪ್ ಸುಮ್ಮನಿತ್ತು. ಇದೇ ವಿಟಮಿನ್ ಸಿ ಸ್ಟ್ರಿಪ್‌ನ ಬಣ್ಣವನ್ನು ತಡೆಯುವುದರಿಂದ ನಿಜವಾಗಿ ಗ್ಲೂಕೋಸ್ ಇದ್ದರೂ ಮುಚ್ಚಿಹೋಗಬಹುದು. ಬಾಣಂತಿಯರಲ್ಲಿ ಲ್ಯಾಕ್ಟೋಸ್ ಬರುವುದು ಸಹಜ.

ನಾನು ಎಲ್ಲಕ್ಕಿಂತ ಮುಖ್ಯ ಎಂದುಕೊಂಡಿರುವುದು ಎಳೆ ಮಗುವಿನ ಸ್ಯಾಂಪಲ್. ಹಾಲು ಕುಡಿದರೆ ವಾಂತಿ, ಕಾಮಾಲೆ, ತೂಕ ಏರುತ್ತಿಲ್ಲ. ಸ್ಟ್ರಿಪ್ ನೆಗೆಟಿವ್, ಬೆನೆಡಿಕ್ಟ್ ಪಾಸಿಟಿವ್. ಗ್ಯಾಲಕ್ಟೋಸೀಮಿಯಾ ಇರಬಹುದು. ಹಾಲಿನ ಲ್ಯಾಕ್ಟೋಸ್‌ನಿಂದ ಬರುವ ಗ್ಯಾಲಕ್ಟೋಸನ್ನು ಮಗುವಿನ ದೇಹ ಬಳಸಲಾರದು. ಲಿವರ್ ಕೆಡುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಬೇಗ ಗೊತ್ತಾದರೆ ಹಾಲು ನಿಲ್ಲಿಸಿ ಮಗುವನ್ನು ಉಳಿಸಿಕೊಳ್ಳಬಹುದು. ಬರೀ ಸ್ಟ್ರಿಪ್ ಅದ್ದಿ ‘ಶುಗರ್ ಇಲ್ಲ’ ಎಂದು ಬರೆದರೆ ಅದು ಕೈತಪ್ಪಿ ಹೋಗುತ್ತದೆ. ಖಚಿತಪಡಿಸಲು ರಕ್ತದಲ್ಲಿ ಕಿಣ್ವದ ಪರೀಕ್ಷೆ ಆಗಬೇಕು, ಆದರೆ ಆ ದಾರಿಗೆ ಕಳಿಸುವುದು ನಮ್ಮ ಟ್ಯೂಬ್. ಮಗುವಿಗೆ ಹಾಲು ನಿಲ್ಲಿಸಿ ಡ್ರಿಪ್ ಹಾಕಿದ್ದರೆ ಬೆನೆಡಿಕ್ಟ್ ಕೂಡ ನೆಗೆಟಿವ್ ಬರಬಹುದು. ಆದ್ದರಿಂದ ಸ್ಯಾಂಪಲ್ ತೆಗೆದುಕೊಳ್ಳುವಾಗಲೇ ತಾಯಿಯನ್ನು ಕೇಳಿ, ಚೀಟಿಯ ಮೇಲೆ ಬರೆಯಿರಿ: ಕೊನೆಯ ಸಲ ಹಾಲು ಕುಡಿಸಿದ್ದು ಯಾವಾಗ?