ಕ್ರಾಕೋವ್‌ನ ಚರ್ಚ್ ಬಾಗಿಲಲ್ಲಿ ನೇತಾಡುವ ಮೂಳೆಗಳು ಯಾರವು?

ಓದುಗರ ಪ್ರಶ್ನೆ: ಪೋಲೆಂಡಿನ ಕ್ರಾಕೋವ್‌ನಲ್ಲಿ ವಾವೆಲ್ ಗುಡ್ಡದ ಮೇಲಿನ ಕ್ಯಾಥೆಡ್ರಲ್ ಬಾಗಿಲ ಪಕ್ಕ ದೊಡ್ಡ ದೊಡ್ಡ ಮೂಳೆ ತೂಗುಹಾಕಿದ್ದಾರೆ. ಅವು ಡ್ರ್ಯಾಗನ್ ಮೂಳೆ ಅಂತಾರೆ. ನಿಜಾನಾ? ಅಲ್ಲ ಅಂದ್ರೆ ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ?

ಉತ್ತರ: ಮೂಳೆಗಳು ನಿಜ. ಡ್ರ್ಯಾಗನ್‌ನವು ಅಲ್ಲ, ಅಷ್ಟೇ. ಒಂದು ಮ್ಯಾಮತ್‌ನದು (ಹಿಮಯುಗದಲ್ಲಿದ್ದ ಆನೆಯಂಥ ಪ್ರಾಣಿ), ಒಂದು ತಿಮಿಂಗಿಲದ್ದು, ಇನ್ನೊಂದು ಘೇಂಡಾಮೃಗದ್ದು ಅಂತ ಹೇಳುತ್ತಾರೆ. ಮೂರನ್ನೂ ಒಟ್ಟಿಗೆ ಕಬ್ಬಿಣದ ಸರಪಳಿಯಲ್ಲಿ ಕಟ್ಟಿದ್ದಾರೆ. ಪೋಲೆಂಡಿನ ರಾಜರಿಗೆ ಪಟ್ಟ ಕಟ್ಟಿದ್ದು, ಅವರನ್ನು ಮಣ್ಣು ಮಾಡಿದ್ದು ಇದೇ ಚರ್ಚ್‌ನಲ್ಲಿ. ಅಂಥ ಜಾಗದ ಬಾಗಿಲಲ್ಲಿ ಈ ಮೂಳೆಗಳಿವೆ.

ಆ ಕಾಲದವರನ್ನು ದಡ್ಡರು ಅನ್ನೋದು ತಪ್ಪು. ನೆಲ ಅಗೆಯುವಾಗ, ನದಿ ದಂಡೆ ಕುಸಿದಾಗ ಆಳೆತ್ತರದ ಮೂಳೆ ಸಿಗುತ್ತಿತ್ತು. ಅಷ್ಟು ದೊಡ್ಡ ಪ್ರಾಣಿ ಸುತ್ತಮುತ್ತ ಎಲ್ಲೂ ಇಲ್ಲ. ಪ್ರಾಣಿಗಳ ಇಡೀ ಜಾತಿಯೇ ಅಳಿದುಹೋಗಬಹುದು ಅನ್ನೋದನ್ನು ಫ್ರಾನ್ಸಿನ ವಿಜ್ಞಾನಿ ಕುವಿಯೆ ಮ್ಯಾಮತ್ ಮೂಳೆ ಇಟ್ಟುಕೊಂಡು ವಾದಿಸಿದ್ದು 1796ರಲ್ಲಿ. ಅದಕ್ಕೂ ಮೊದಲು ಇಂಥ ಮೂಳೆ ಸಿಕ್ಕರೆ ರಾಕ್ಷಸನದೋ ಡ್ರ್ಯಾಗನ್‌ನದೋ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕಿತ್ತು? ಅಪರೂಪದ ವಸ್ತು ಸಿಕ್ಕರೆ ಚರ್ಚ್‌ನಲ್ಲಿ ತೂಗುಹಾಕುವ ರೂಢಿಯೂ ಯುರೋಪಿನಲ್ಲಿ ಹಲವು ಕಡೆ ಇತ್ತು.

ಇನ್ನು ಕಥೆ. ನನಗೆ ಮೂಳೆಗಿಂತ ಜಾಸ್ತಿ ಇಷ್ಟವಾಗೋದು ಇದೇ.

ಇದನ್ನು ಮೊದಲು ಬರೆದಿಟ್ಟವರು ಕ್ರಾಕೋವ್‌ನ ಬಿಷಪ್ ವಿನ್ಸೆಂಟಿ ಕಾದ್ವುಬೆಕ್. ಸುಮಾರು 800 ವರ್ಷದ ಹಿಂದಿನ ಮಾತು. ಅವರ ಪ್ರಕಾರ ಗುಡ್ಡದ ಗುಹೆಯಲ್ಲಿ ಸಿಕ್ಕಿದ್ದನ್ನು ಇಡಿಯಾಗಿ ನುಂಗುವ ಮೃಗವೊಂದಿತ್ತು. ವಾರಕ್ಕೆ ಇಂತಿಷ್ಟು ದನ ಕೊಡಬೇಕು. ಕೊಡದಿದ್ದರೆ ಅಷ್ಟೇ ಜನರನ್ನು ತಿನ್ನುತ್ತಿತ್ತು. ರಾಜ ಕ್ರಾಕ್‌ನ ಇಬ್ಬರು ಗಂಡುಮಕ್ಕಳು ದನದ ಚರ್ಮದೊಳಗೆ ಉರಿಯುವ ಗಂಧಕ ತುಂಬಿ ಇಟ್ಟರು. ಮೃಗ ಗಬಕ್ಕನೆ ನುಂಗಿ, ಒಳಗಿನ ಉರಿಗೆ ಉಸಿರುಕಟ್ಟಿ ಸತ್ತಿತು. ಆಮೇಲೆ ಇಬ್ಬರಲ್ಲಿ ಕಿರಿಯವನು ಅಣ್ಣನನ್ನೇ ಕೊಂದು, ಮೃಗ ಕೊಂದಿತು ಅಂತ ಸುಳ್ಳು ಹೇಳಿ ಪಟ್ಟಕ್ಕೇರಿದ. ಸತ್ಯ ಹೊರಬಿದ್ದಾಗ ಅವನನ್ನು ಗಡಿಪಾರು ಮಾಡಿದರು. ಊರು ಎದ್ದಿದ್ದು ಆ ಮೃಗದ ಬಂಡೆಯ ಮೇಲೇ. ಕ್ರಾಕ್‌ನಿಂದಲೇ ಊರಿಗೆ ಹೆಸರು ಬಂತು ಅಂತ ಬರೆದ ಬಿಷಪ್ ಇನ್ನೊಂದು ಮಾತನ್ನೂ ಸೇರಿಸಿದ್ದಾರೆ: ಮೃಗದ ಹೆಣಕ್ಕೆ ಮುತ್ತಿದ ಕಾಗೆಗಳ ಕೂಗಿನಿಂದ ಈ ಹೆಸರು ಬಂತು ಅನ್ನುವವರೂ ಇದ್ದರಂತೆ. ಕ್ರಾ ಕ್ರಾ ಅಂತ ಒಮ್ಮೆ ಜೋರಾಗಿ ಹೇಳಿ ನೋಡಿ.

ಈಗ ಕ್ರಾಕೋವ್‌ನ ಮಗುವನ್ನು ಕೇಳಿದರೆ ರಾಜಕುಮಾರರ ಸುದ್ದಿಯೇ ಬರೋದಿಲ್ಲ. ಡ್ರ್ಯಾಗನ್ ಕೊಂದವನು ಸ್ಕುಬಾ, ಬೂಟು ಹೊಲಿಯುವ ಬಡ ಹುಡುಗ. ಕುರಿ ಚರ್ಮಕ್ಕೆ ಗಂಧಕ ತುಂಬಿ ಹೊಲಿದು ಗುಹೆ ಮುಂದೆ ಇಟ್ಟ. ತಿಂದ ಡ್ರ್ಯಾಗನ್‌ಗೆ ತಡೆಯಲಾರದ ಬಾಯಾರಿಕೆ. ಕೆಳಗೆ ಹರಿಯುವ ವಿಸ್ತುಲಾ ನದಿ ನೀರು ಕುಡಿದೂ ಕುಡಿದೂ ಹೊಟ್ಟೆ ಒಡೆದು ಸತ್ತಿತು. ಈ ಬೂಟಿನ ಹುಡುಗ ಕಥೆಯೊಳಗೆ ಬಂದಿದ್ದು ಎಷ್ಟೋ ಕಾಲದ ಮೇಲೆ. ನನಗಂತೂ ಇದು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಚರ್ಮ ಹೊಲಿಯೋದು ಯಾರ ಕೈಯ ಕೆಲಸ ಹೇಳಿ? ಅರಮನೆಯವರ ಜಗಳದ ಕಥೆಯನ್ನು ಊರಿನ ಜನ ಬೀದಿಗೆ ತಂದು ತಮ್ಮದು ಮಾಡಿಕೊಂಡರು. ಮೂಳೆಗಳನ್ನು ಯಾಕೆ ಇಟ್ಟುಕೊಂಡಿದ್ದಾರೆ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ: ಆ ಕಥೆ ಈಗ ಅವರದ್ದು. ಮೂಳೆ ಕಳಚಿ ಬಿದ್ದ ದಿನ ಪ್ರಪಂಚವೇ ಮುಗಿಯುತ್ತದೆ ಅನ್ನೋ ಮಾತೂ ಊರಲ್ಲಿದೆ. ಬಿಚ್ಚಿ ಇಳಿಸಲು ಯಾರಿಗೆ ಮನಸ್ಸು ಬರುತ್ತೆ?

ಇಂಥ ಊರು ಇದೊಂದೇ ಅಲ್ಲ. ಚೆಕ್ ದೇಶದ ಬ್ರನೋದಲ್ಲಿ ಹಳೇ ಪುರಭವನದ ಚಾವಣಿಯಿಂದ ‘ಡ್ರ್ಯಾಗನ್’ ತೂಗುತ್ತಿದೆ. ಅದು ನಿಜಕ್ಕೂ ಸತ್ತ ಮೇಲೆ ಚರ್ಮದೊಳಗೆ ತುಂಬಿಸಿ ಕಾಪಾಡಿಟ್ಟ ಮೊಸಳೆ. ಅಲ್ಲಿನ ಕಥೆಯಲ್ಲಿ ಗಂಧಕದ ಬದಲು ಸುಣ್ಣ. ಆಸ್ಟ್ರಿಯಾದ ಕ್ಲಾಗೆನ್‌ಫರ್ಟ್‌ನಲ್ಲಿ 14ನೇ ಶತಮಾನದಲ್ಲಿ ಸಿಕ್ಕ ತಲೆಬುರುಡೆಯನ್ನು ಡ್ರ್ಯಾಗನ್‌ನದೆಂದೇ ನಂಬಿದ್ದರು. ಚೌಕದ ಕಾರಂಜಿಯ ಕಲ್ಲಿನ ಡ್ರ್ಯಾಗನ್‌ನ ತಲೆ ಕೆತ್ತಿದ್ದು ಅದನ್ನೇ ನೋಡಿ ಅಂತ ಹೇಳುತ್ತಾರೆ. ಬುರುಡೆ ಹಿಮಯುಗದ ಉಣ್ಣೆ ಘೇಂಡಾಮೃಗದ್ದು.

ಕ್ರಾಕೋವ್‌ಗೆ ಹೋದರೆ ಗುಹೆಯನ್ನೂ ನೋಡಿ. ಹೆಸರು ಸ್ಮೋಚಾ ಯಾಮಾ, ಅಂದರೆ ಡ್ರ್ಯಾಗನ್ ಗುಹೆ. ಸುಣ್ಣಕಲ್ಲಿನ ತಂಪು ಗುಹೆ. ಗುಡ್ಡದ ಮೇಲಿಂದ ಸುತ್ತು ಮೆಟ್ಟಿಲಿಳಿದು ಒಳಗೆ ಹೋಗಿ, ಕೆಳಗೆ ನದಿ ಪಕ್ಕ ಹೊರಗೆ ಬರಬೇಕು. ಅಲ್ಲೇ ಶಿಲ್ಪಿ ಬ್ರೋನಿಸ್ವಾಫ್ ಖ್ರೋಮಿ ಮಾಡಿದ ಲೋಹದ ಡ್ರ್ಯಾಗನ್ ನಿಂತಿದೆ. 1972ರಿಂದ ಅಲ್ಲೇ ಇದೆ. ಆಗಾಗ ಬಾಯಿಂದ ನಿಜವಾದ ಬೆಂಕಿ ಉಗುಳುತ್ತದೆ. ಒಳಗೆ ಗ್ಯಾಸ್ ಪೈಪಿದೆ ಅಂತ ಗೊತ್ತಿದ್ದರೂ ಮಕ್ಕಳು ಮುಂದಿನ ಸಲಕ್ಕೆ ಕಾಯುತ್ತಾ ನಿಲ್ಲುತ್ತಾರೆ.

ಕೊನೆಗೊಂದು ಸುದ್ದಿ. ಪೋಲೆಂಡಿನ ಲಿಸೊವಿಟ್ಸೆ ಅನ್ನೋ ಹಳ್ಳಿಯ ಹತ್ತಿರ 20 ಕೋಟಿ ವರ್ಷಕ್ಕೂ ಹಳೆಯ ದೈತ್ಯ ಬೇಟೆಪ್ರಾಣಿಯೊಂದರ ಮೂಳೆ ಸಿಕ್ಕವು. ಐದಾರು ಮೀಟರ್ ಉದ್ದದ ಸರೀಸೃಪ. ವಿಜ್ಞಾನಿಗಳು ಅದಕ್ಕಿಟ್ಟ ಹೆಸರು ‘ಸ್ಮೋಕ್ ವಾವೆಲ್ಸ್ಕಿ’. ಪೋಲಿಷ್ ಭಾಷೆಯಲ್ಲಿ ಹಾಗಂದರೆ ವಾವೆಲ್‌ನ ಡ್ರ್ಯಾಗನ್.