ಹತ್ತು ಎಕರೆ ಕಾವಲು, ಒಂದು ಎಕರೆ ಈರುಳ್ಳಿ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ರೈತರು ಕೊಳವೆಬಾವಿ ಕೊರೆಸುವ ಮುನ್ನ ಸಲಹೆ ಕೇಳಿದಾಗ, ಎಷ್ಟು ಅಡಿಗೆ ನೀರು ಸಿಗಬಹುದು ಎಂಬುದಕ್ಕಿಂತ ಆ ನೀರು ಎಲ್ಲಿಂದ ಬರಬೇಕು ಎಂಬುದನ್ನು ಮೊದಲು ಲೆಕ್ಕ ಹಾಕೋಣ ಎನ್ನುತ್ತೇನೆ. ಇಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 450 ಮಿ.ಮೀ. ನೆಲದಡಿ ಇರುವುದು ಗಟ್ಟಿ ಶಿಲೆಯಾದ್ದರಿಂದ, ಮಳೆಯ ಹತ್ತರಲ್ಲಿ ಒಂದು ಭಾಗ, ಅಂದರೆ 45 ಮಿ.ಮೀ ಆಸುಪಾಸು ಮಾತ್ರ ಅಂತರ್ಜಲಕ್ಕೆ ಸೇರುತ್ತದೆ ಎಂದು ಹಿಡಿಯಬಹುದು. ಹಿಂಗಾರಿನಲ್ಲಿ ಬೋರಿನ ನೀರಿನಿಂದಲೇ ಬೆಳೆಯುವ ಈರುಳ್ಳಿಗೆ ಹೆಚ್ಚುಕಡಿಮೆ 450 ಮಿ.ಮೀ ನೀರು ಬೇಕು. ಹಾಗಾದರೆ ಒಂದು ಎಕರೆ ಈರುಳ್ಳಿಗೆ ಹತ್ತು ಎಕರೆ ಭೂಮಿಯಲ್ಲಿ ಒಂದು ವರ್ಷ ಇಂಗಿದ ನೀರೆಲ್ಲವೂ ಖರ್ಚಾಗುತ್ತದೆ.

ಆ ಹತ್ತು ಎಕರೆಯಲ್ಲಿ ಬಹುಪಾಲು ರೈತನ ಪಹಣಿಯಲ್ಲಿ ಇರುವುದಿಲ್ಲ. ಅದು ಊರಿನ ಗೋಮಾಳ, ಕುರಿಗಳು ಮೇಯುವ ಗುಡ್ಡ, ಮೈಸೂರು ಅರಸರ ಕಾಲದಿಂದ ಅಮೃತಮಹಲ್ ರಾಸುಗಳಿಗೆ ಮೀಸಲಾಗಿ ಉಳಿದ ಹುಲ್ಲುಗಾವಲು, ಅಂದರೆ ಕಾವಲು. ಹುಲ್ಲು ಹಿಡಿದ ನೆಲದಲ್ಲಿ ಓಡುವ ನೀರು ನಿಧಾನವಾಗುತ್ತದೆ, ಇಂಗುತ್ತದೆ, ಮಿಕ್ಕದ್ದು ಜಾನುವಾರು ನೀರು ಕುಡಿಯುವ ಗೋಕಟ್ಟೆಗೆ ಸೇರುತ್ತದೆ. ಆದ್ದರಿಂದ ಕುರಿಗಾರರ ನೆಲ ಬೇರೆ, ನೀರಾವರಿ ರೈತರ ನೆಲ ಬೇರೆ ಎಂದು ಯೋಜನೆ ಬರೆಯುವುದು ನನ್ನ ದೃಷ್ಟಿಯಲ್ಲಿ ಮೂಲದಲ್ಲೇ ತಪ್ಪು. ಇದೇ ಸೀಮೆಯ ಉಳ್ಳಾರ್ತಿ, ವರವು ಕಾವಲುಗಳ ದೊಡ್ಡ ಭಾಗ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋದಾಗ ಕುರಿ-ದನಗಳ ಮೇವಿನ ಬಗ್ಗೆ ನ್ಯಾಯವಾಗಿಯೇ ದನಿ ಎದ್ದಿತು. ಅಂತರ್ಜಲದ ಪ್ರಶ್ನೆಗೂ ಅಷ್ಟೇ ತೂಕ ಸಿಗಬೇಕಿತ್ತು.

ಬೋರನ್ನು ಇನ್ನೂ ಆಳಕ್ಕೆ ಇಳಿಸುವುದರಿಂದ ಈ ಲೆಕ್ಕ ಬದಲಾಗುವುದಿಲ್ಲ. ಆಳದ ಬಿರುಕುಗಳಲ್ಲಿ ಸಿಗುವುದು ಬಹುಕಾಲ ಕೂಡಿಟ್ಟ ನೀರು, ಇಲ್ಲವೇ ಪಕ್ಕದವರ ಬೋರಿನ ನೀರು. ಹನಿ ನೀರಾವರಿ ಒಳ್ಳೆಯದೇ, ಆದರೆ ಉಳಿತಾಯವಾದ ನೀರಿಗೆ ಇನ್ನೊಂದು ಎಕರೆ ಅಡಿಕೆಯನ್ನೋ ದಾಳಿಂಬೆಯನ್ನೋ ಸೇರಿಸಿದರೆ ಮೇಲೆತ್ತುವ ನೀರು ಮೊದಲಿನಷ್ಟೇ ಉಳಿಯುತ್ತದೆ, ಮೇಲಾಗಿ ಇವು ಬಹುವಾರ್ಷಿಕ ಬೆಳೆಗಳಾದ್ದರಿಂದ ಬರದ ವರ್ಷವೂ ನೀರು ನಿಲ್ಲಿಸಲು ಆಗುವುದಿಲ್ಲ. ಬೇಲಿ ಹಾಕಿದ ತೋಟದಲ್ಲಿ ಗೊಬ್ಬರಕ್ಕಾಗಿ ಕುರಿ ಮಂದೆ ನಿಲ್ಲಿಸುವ ಪದ್ಧತಿ ತಪ್ಪುತ್ತದೆ, ಗೊಬ್ಬರ ಕೊಂಡು ತರಬೇಕಾಗುತ್ತದೆ. ಮುಂಗಾರಿನಲ್ಲಿ ಬಿತ್ತಿದ ಶೇಂಗಾಕ್ಕೆ ಹೂವಾಡುವಾಗ, ಕಾಯಿ ಕಟ್ಟುವಾಗ ಮಳೆ ಕೈಕೊಟ್ಟರೆ ಒಂದೆರಡು ಬಾರಿ ನೀರು ಹಾಯಿಸುವುದು ಅದೇ ಬೋರಿನ ಹೆಚ್ಚು ವಿವೇಕದ ಬಳಕೆ ಎಂದು ನಾನು ನಂಬುತ್ತೇನೆ, ಏಕೆಂದರೆ ಕಾಯಿಯ ಜೊತೆಗೆ ಹೊಟ್ಟೂ ಮನೆಗೆ ಬರುತ್ತದೆ, ಬೇಸಿಗೆಯಲ್ಲಿ ಅದು ಜಾನುವಾರು ಉಳಿಸುವ ಮೇವು.

ಇನ್ನೊಂದು ಅಳತೆಯನ್ನು ರೈತರು ಗಮನಿಸಬೇಕು. ಒಂದು ಎಕರೆಗೆ ಒಂದು ಸೆಂಟಿಮೀಟರ್ ನೀರು ಎಂದರೆ ಸುಮಾರು 40,000 ಲೀಟರ್. ಕುರಿಯೊಂದಕ್ಕೆ ದಿನಕ್ಕೆ 5 ಲೀಟರ್ ಎಂದು ಹಿಡಿದರೆ ನೂರು ಕುರಿಗಳ ಮಂದೆಗೆ ಅದು 80 ದಿನ ಸಾಲುತ್ತದೆ. ಕುಡಿಯುವ ನೀರಿಗೆ ಜಾನುವಾರು ಕೇಳುವ ಪಾಲು ಅಷ್ಟು ಚಿಕ್ಕದು. ಆದರೂ ಗೋಕಟ್ಟೆ ಒಣಗಿದೊಡನೆ ಊರು ಬಿಟ್ಟು ಹೊರಡಬೇಕಾದವರು ಕುರಿಗಾರರೇ.

ಬೆಳೆ ನಿರ್ಧರಿಸುವ ಮೊದಲು ಬೋರಿನ ನೀರನ್ನು ಕೊರೆದ ದಿನವಲ್ಲ, ಮಾರ್ಚ್ ತಿಂಗಳಲ್ಲಿ ಅಳೆಯಿರಿ, ಹೊರಬೀಳುವ ನೀರು ಎಷ್ಟು ಇಂಚು ಉಳಿದಿದೆಯೋ ಅಷ್ಟಕ್ಕೇ ಎಕರೆ ಕಟ್ಟಿಕೊಳ್ಳಿ. ಗ್ರಾಮ ಪಂಚಾಯಿತಿಯ ಉದ್ಯೋಗ ಖಾತರಿ ಕೆಲಸಗಳ ಪಟ್ಟಿ ತಯಾರಾಗುವಾಗ, ಗೋಕಟ್ಟೆಯ ಹೂಳೆತ್ತುವುದಷ್ಟೇ ಅಲ್ಲದೆ ಅದಕ್ಕೆ ನೀರು ಹರಿದು ಬರುವ ಹಳ್ಳದ ಒತ್ತುವರಿ ತೆರವನ್ನೂ ಕುರಿಗಾರರ ಜೊತೆಗೂಡಿ ಕೇಳಿರಿ.