ದೋಣಿಯ ಒಳಗನ್ನು ತೋರಿಸುವ ಚದುರಿದ ಕಿರಣ

ನಮ್ಮ ಮೆಟ್ರೊದಲ್ಲಿ ಬ್ಯಾಗನ್ನು ಸ್ಕ್ಯಾನ್ ಮಾಡಿದ ಹಾಗೆ ಸಮುದ್ರದಲ್ಲಿ ತೇಲುವ ದೋಣಿಯನ್ನು ಸ್ಕ್ಯಾನ್ ಮಾಡಲು ಆಗುವುದಿಲ್ಲ. ಮೆಟ್ರೊ ಯಂತ್ರದಲ್ಲಿ ಒಂದು ಕಡೆಯಿಂದ ಎಕ್ಸ್-ರೇ ಹೊರಡುತ್ತದೆ, ಇನ್ನೊಂದು ಕಡೆ ಡಿಟೆಕ್ಟರ್‌ಗಳ ಸಾಲು ಕಾಯುತ್ತಿರುತ್ತದೆ. ನಡುವೆ ಇರುವ ಬ್ಯಾಗು ಎಷ್ಟು ಕಿರಣ ತಡೆಯಿತು ಎಂಬ ಲೆಕ್ಕವೇ ಪರದೆಯ ಮೇಲಿನ ಚಿತ್ರ. ಡಬ್ಬಿಯೊಳಗಿನ ಚಿತ್ರಾನ್ನ ಕಿತ್ತಳೆ ಬಣ್ಣಕ್ಕೆ ಕಾಣುತ್ತದೆ, ಸ್ಟೀಲ್ ಡಬ್ಬಿ ನೀಲಿ. ನೀರಿನ ಮೇಲೆ ಇದೇ ಕೆಲಸ ಮಾಡಬೇಕೆಂದರೆ ದೋಣಿಯ ಆಚೆ ಬದಿಗೆ ಇನ್ನೊಂದು ದೋಣಿ ನಿಲ್ಲಿಸಿ ಡಿಟೆಕ್ಟರ್ ಹಿಡಿಯಬೇಕು. ಅಲೆಗೆ ಎಲ್ಲವೂ ಒಂದೊಂದು ದಿಕ್ಕಿಗೆ ಓಲಾಡುತ್ತಿರುತ್ತವೆ!

2008ರ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿ ಮಾಡಿದವರು ಬಂದದ್ದು ‘ಕುಬೇರ್’ ಎಂಬ ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು. ಆಮೇಲೆ ಕರಾವಳಿಯ ಭದ್ರತೆಯ ಮಾತು ಬಂದಾಗಲೆಲ್ಲ ‘ಎಲ್ಲ ಕಡೆ ಎಕ್ಸ್-ರೇ ಇಟ್ಟುಬಿಡಿ’ ಎನ್ನುವವರು ಸಿಗುತ್ತಾರೆ. ‘ಉಪಗ್ರಹದಿಂದಲೇ ಹಡಗಿನೊಳಗೆ ನೋಡಬಹುದಂತೆ’ ಎನ್ನುವವರೂ ಇದ್ದಾರೆ. ಇದನ್ನು ಕೇಳಿದರೆ ನನಗೆ ಸಮಾಧಾನವೇ ಇರುವುದಿಲ್ಲ. ಭದ್ರತೆಯ ಯಂತ್ರಗಳು ಬಳಸುವ 100 ಕಿಲೋ ಎಲೆಕ್ಟ್ರಾನ್‌ವೋಲ್ಟ್ (ಕಿರಣದ ಶಕ್ತಿ ಅಳೆಯುವ ಮಾನ) ಆಸುಪಾಸಿನ ಎಕ್ಸ್-ರೇ, ಸುಮಾರು 37 ಮೀಟರ್ ಗಾಳಿ ದಾಟುವಷ್ಟರಲ್ಲಿ ಅರ್ಧ ಆಗುತ್ತದೆ. ಮುಂದಿನ 37 ಮೀಟರ್‌ಗೆ ಕಾಲು. 370 ಮೀಟರ್ ದಾಟುವಾಗ ಸಾವಿರಕ್ಕೆ ಒಂದು ಉಳಿದರೆ ಹೆಚ್ಚು. ನೂರಾರು ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕೆ ಏನು ಸಿಕ್ಕೀತು? ಆಕಾಶವನ್ನು ಎಕ್ಸ್-ರೇಯಲ್ಲಿ ನೋಡಲು ಇಸ್ರೊ 2015ರಲ್ಲಿ ಆಸ್ಟ್ರೋಸ್ಯಾಟ್ ಅನ್ನು ಮೇಲೆ ಕಳಿಸಿದ್ದೇ ಈ ಗಾಳಿಯ ಪರದೆಯನ್ನು ದಾಟಲು.

ದೊಡ್ಡ ಹಡಗಿನ ವಿಚಾರ ಬೇಗ ಮುಗಿಯುತ್ತದೆ. ಬಂದರುಗಳಲ್ಲಿ ಕಂಟೇನರ್ ಸ್ಕ್ಯಾನ್ ಮಾಡುವ ಯಂತ್ರಗಳು 6ರಿಂದ 9 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯವು. ಅವು ಸುಮಾರು 30 ಸೆಂಟಿಮೀಟರ್ ಸ್ಟೀಲ್ ದಾಟಿ ನೋಡಬಲ್ಲವು. ಆದರೆ 30 ಮೀಟರ್ ಅಗಲದ, ಸರಕು ತುಂಬಿದ ಹಡಗನ್ನು ಯಾವ ಎಕ್ಸ್-ರೇಯೂ ದಾಟುವುದಿಲ್ಲ. ಹಾಗಾಗಿ ಕಂಟೇನರನ್ನು ಇಳಿಸಿ, ನೆಲದ ಮೇಲೆ ಒಂದೊಂದಾಗಿ ನೋಡಬೇಕು. ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋಗೆ ರೈಲಿನಲ್ಲಿ ಬರುವುದು ಇಂಥ ಪೆಟ್ಟಿಗೆಗಳೇ.

ಸಣ್ಣ ದೋಣಿಯ ಕಥೆ ಬೇರೆ. ಅಲ್ಲಿ ಉಪಯೋಗಕ್ಕೆ ಬರುವುದು ಹಿಂದಕ್ಕೆ ಚಿಮ್ಮಿ ಬರುವ ಕಿರಣ. ಇದಕ್ಕೆ ಬ್ಯಾಕ್‌ಸ್ಕ್ಯಾಟರ್ ಎನ್ನುತ್ತಾರೆ. ಕಿರಣ ಬಿಡುವ ಭಾಗವೂ ಡಿಟೆಕ್ಟರೂ ಒಂದೇ ಬದಿಯಲ್ಲಿರುತ್ತವೆ, ಆಚೆ ಬದಿಗೆ ಯಾರೂ ಹೋಗಬೇಕಿಲ್ಲ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು ಇದರ ಇತಿಹಾಸ. 1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೆ ವೈದ್ಯರಿಗೆ ಚದುರಿದ ಕಿರಣ ದೊಡ್ಡ ತಲೆನೋವಾಯಿತು. ದೇಹದೊಳಗೆ ದಿಕ್ಕು ತಪ್ಪಿದ ಕಿರಣಗಳು ಫಿಲ್ಮಿನ ಮೇಲೆಲ್ಲ ಬಿದ್ದು ಚಿತ್ರವನ್ನು ಮಸುಕು ಮಾಡುತ್ತಿದ್ದವು. 1913ರಲ್ಲಿ ಗುಸ್ಟಾವ್ ಬಕಿ ಎಂಬ ಜರ್ಮನ್ ವೈದ್ಯ ಅವನ್ನು ತಡೆಯಲೆಂದೇ ಸೀಸದ ಪಟ್ಟಿಗಳ ಜಾಲರಿ ಮಾಡಿದ. ಅಂದು ಕಸ ಎಂದು ತಡೆದ ಆ ಕಿರಣವನ್ನೇ ಇಂದು ದೋಣಿಯ ಪಕ್ಕದಲ್ಲಿ ನಿಂತು ಆರಿಸಿಕೊಳ್ಳುತ್ತೇವೆ.

ಈ ನಡುವೆ ನಮ್ಮ ಸಿ.ವಿ. ರಾಮನ್ ಬರುತ್ತಾರೆ, ಅದೂ ಹಡಗಿನಲ್ಲೇ. 1921ರಲ್ಲಿ ಇಂಗ್ಲೆಂಡಿನಿಂದ ಎಸ್.ಎಸ್. ನರ್ಕುಂಡ ಹಡಗಿನಲ್ಲಿ ಮರಳುವಾಗ ಅವರು ಸಮುದ್ರದ ನೀಲಿಯ ಹಿಂದೆ ಬಿದ್ದರು. ಆಕಾಶದ ಪ್ರತಿಬಿಂಬದಿಂದ ಕಡಲು ನೀಲಿ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ರಾಮನ್ ನಿಕಾಲ್ ಪ್ರಿಸಂ ಹಿಡಿದು ಪ್ರತಿಫಲಿಸಿದ ಬೆಳಕನ್ನು ತೆಗೆದುಹಾಕಿ ನೋಡಿದರು. ನೀಲಿ ಹೋಗಲಿಲ್ಲ! ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತಿದ್ದವು. 1923ರಲ್ಲಿ ಅಮೆರಿಕದ ಭೌತವಿಜ್ಞಾನಿ ಆರ್ಥರ್ ಕಾಂಪ್ಟನ್, ಎಕ್ಸ್-ರೇ ಚದುರಿದಾಗ ಅದರ ಶಕ್ತಿಯೂ ಕಡಿಮೆಯಾಗುತ್ತದೆ ಎಂದು ವಿವರಿಸಿದರು. ಬೆಳಕಿಗೂ ಹೀಗೇ ಆಗಬಹುದಲ್ವಾ ಎಂಬ ಯೋಚನೆ ರಾಮನ್ ಅವರನ್ನು ‘ರಾಮನ್ ಪರಿಣಾಮ’ ಕಂಡುಹಿಡಿದ 1928ರ ಫೆಬ್ರವರಿ 28ಕ್ಕೆ ತಂದು ನಿಲ್ಲಿಸಿತು. ಬೆಳಕು ಶಕ್ತಿ ಕೊಡುವುದು ಅಣುವಿನ ಕಂಪನಕ್ಕೆ, ಎಕ್ಸ್-ರೇ ಕೊಡುವುದು ಎಲೆಕ್ಟ್ರಾನಿಗೆ. ಅಷ್ಟು ವ್ಯತ್ಯಾಸ.

ಕಾಂಪ್ಟನ್ ಹೇಳಿದ್ದನ್ನು ಕ್ಯಾರಂ ಬೋರ್ಡಿನ ಮೇಲೆ ನೋಡಬಹುದು. ಸ್ಟ್ರೈಕರ್ ಕಾಯಿನ್‌ಗೆ ತಾಗಿ ದಿಕ್ಕು ಬದಲಿಸುತ್ತದೆ, ತನ್ನ ಶಕ್ತಿಯ ಒಂದು ಪಾಲನ್ನು ಕಾಯಿನ್‌ಗೆ ಕೊಡುತ್ತದೆ. ಅಂಚಿಗೆ ಸವರಿಕೊಂಡು ಹೋದರೆ ಕಳೆದುಕೊಳ್ಳುವುದು ಕಡಿಮೆ, ನೇರ ಹೊಡೆದರೆ ಜಾಸ್ತಿ. ಎಕ್ಸ್-ರೇಯ ಕಣವಾದ ಫೋಟಾನ್ ಎಲೆಕ್ಟ್ರಾನಿಗೆ ತಾಗಿದಾಗಲೂ ಲೆಕ್ಕ ಇದೇ. ಆದರೆ ಫೋಟಾನ್ ವೇಗ ಕಳೆದುಕೊಳ್ಳುವುದಿಲ್ಲ, ಅದರ ತರಂಗಾಂತರ ಉದ್ದವಾಗುತ್ತದೆ. ಬಂದ ದಾರಿಯಲ್ಲೇ ನೆಟ್ಟಗೆ ಹಿಂದಿರುಗಲೂ ಬಲ್ಲದು. 100 ಕಿಲೋ ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಹೋದದ್ದು ಹಾಗೆ ಹಿಂದಿರುಗುವಾಗ 72 ಆಗಿರುತ್ತದೆ.

ಎಲ್ಲ ವಸ್ತುವೂ ಕಿರಣವನ್ನು ಹೀಗೆ ವಾಪಸು ಕಳಿಸುವುದಿಲ್ಲ. ಕಬ್ಬಿಣ, ಸೀಸದಂಥ ಭಾರದ ಪರಮಾಣುಗಳು ಫೋಟಾನನ್ನು ನುಂಗಿಬಿಡುವುದೇ ಹೆಚ್ಚು. ಇಂಗಾಲ, ಹೈಡ್ರೋಜನ್, ಆಮ್ಲಜನಕದಂಥ ಹಗುರ ಪರಮಾಣುಗಳು ನುಂಗುವುದು ಕಡಿಮೆ, ಚದುರಿಸುವುದು ಜಾಸ್ತಿ. ಆದ್ದರಿಂದ ಬ್ಯಾಕ್‌ಸ್ಕ್ಯಾಟರ್ ಚಿತ್ರದಲ್ಲಿ ಲೋಹ ಕಪ್ಪು. ಮಾದಕ ವಸ್ತು, ಸ್ಫೋಟಕ, ಪ್ಲಾಸ್ಟಿಕ್, ಅಡಗಿ ಕುಳಿತ ಮನುಷ್ಯ, ಇವೆಲ್ಲ ಬೆಳ್ಳಗೆ ಹೊಳೆಯುತ್ತವೆ. ಇದೇ ಗುಣವನ್ನು ಬಳಸುವ ಇನ್ನೊಂದು ಉಪಕರಣ ನಮ್ಮ ಬೆಂಗಳೂರಿನದೇ. 2024ರ ಜನವರಿ 1ರಂದು ಹಾರಿದ ಇಸ್ರೊ ಉಪಗ್ರಹ ಎಕ್ಸ್‌ಪೋಸ್ಯಾಟ್‌ನಲ್ಲಿರುವ ಪೋಲಿಕ್ಸ್ ಅನ್ನು ಕಟ್ಟಿದ್ದು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ. ಅದರ ನಡುವೆ ಹಗುರ ಪರಮಾಣುಗಳ ಒಂದು ತುಂಡು, ಸುತ್ತ ನಾಲ್ಕು ಡಿಟೆಕ್ಟರ್. ನಕ್ಷತ್ರಲೋಕದ ಎಕ್ಸ್-ರೇ ಆ ತುಂಡಿಗೆ ಬಡಿದು ಯಾವ ಕಡೆಗೆ ಎಷ್ಟು ಚದುರಿತು ಎಂಬುದನ್ನು ಅದು ಎಣಿಸುತ್ತದೆ.

ಚದುರಿ ಬಂದ ಕಿರಣ ಎಲ್ಲಿಂದ ಬಂತು ಎಂದು ತಿಳಿಯುವುದು ಹೇಗೆ? ಎಕ್ಸ್-ರೇಯನ್ನು ಕ್ಯಾಮೆರಾದ ಹಾಗೆ ಲೆನ್ಸ್ ಇಟ್ಟು ಹಿಡಿಯಲು ಇಲ್ಲಿ ಆಗುವುದಿಲ್ಲ. ಇದಕ್ಕೆ ಹುಡುಕಿದ ಉಪಾಯ ನಿಜಕ್ಕೂ ಸೊಗಸು. ತೂತುಗಳಿರುವ ಲೋಹದ ಚಕ್ರವೊಂದು ಎಕ್ಸ್-ರೇ ಟ್ಯೂಬಿನ ಮುಂದೆ ತಿರುಗುತ್ತದೆ. ಒಂದು ಕ್ಷಣಕ್ಕೆ ಒಂದೇ ತೂತಿನಿಂದ ಸಣ್ಣ ಕಿರಣ ಹೊರಬಂದು ದೋಣಿಯ ಒಂದೇ ಚುಕ್ಕೆಗೆ ಬೀಳುತ್ತದೆ. ಆ ಕ್ಷಣದಲ್ಲಿ ಡಿಟೆಕ್ಟರ್‌ಗೆ ಏನು ಬಂದರೂ ಅದು ಆ ಚುಕ್ಕೆಯ ಕಡೆಯಿಂದಲೇ ಬಂದದ್ದು. ಹಾಗಾಗಿ ಡಿಟೆಕ್ಟರ್ ದಿಕ್ಕನ್ನು ನೋಡಬೇಕಾಗಿಯೇ ಇಲ್ಲ, ಸುಮ್ನೆ ಎಣಿಸಿದರೆ ಸಾಕು. ಚಕ್ರ ತಿರುಗಿದಂತೆ ಚುಕ್ಕೆ ಮೇಲಿಂದ ಕೆಳಗೆ ಸರಿದು ಒಂದು ಗೆರೆ ಆಗುತ್ತದೆ. ಯಂತ್ರ ಪಕ್ಕಕ್ಕೆ ಸರಿದಂತೆ ಗೆರೆಗಳು ಸೇರಿ ಚಿತ್ರ ಆಗುತ್ತದೆ. ಕೈಯಲ್ಲಿ ಹಿಡಿದು ದೋಣಿಯ ಮೈಮೇಲೆ ಆಡಿಸುವ ಸಣ್ಣ ಯಂತ್ರಗಳೂ ಬಂದಿವೆ. ಫೈಬರ್ ದೋಣಿಯ ಎರಡು ಪದರಗಳ ನಡುವಿನ ಟೊಳ್ಳಿನಲ್ಲಿ ಪೊಟ್ಟಣ ತುರುಕಿದ್ದರೆ, ದೋಣಿಯನ್ನು ಕೊರೆಯದೆ ಕಂಡುಹಿಡಿಯಬಹುದು.

ತೊಡಕು ನೀರಿನದು. ಗೆರೆ ಗೆರೆಯಾಗಿ ಬರೆದ ಚಿತ್ರ, ದೋಣಿ ಓಲಾಡಿದರೆ ಸೊಟ್ಟಗಾಗುತ್ತದೆ. ನೀರಿನಲ್ಲಿರುವುದೂ ಹೈಡ್ರೋಜನ್ ಮತ್ತು ಆಮ್ಲಜನಕ, ಹಾಗಾಗಿ ಅದೂ ಬೆಳ್ಳಗೆ ಹೊಳೆಯುತ್ತದೆ. ಮಲ್ಪೆಯಿಂದ ಆಳಕಡಲಿಗೆ ಹೋಗುವ ಬೋಟಿನ ಮೀನಿನ ಸ್ಟೋರೇಜನ್ನು ಊಹಿಸಿಕೊಳ್ಳಿ. ಐಸು ಬಿಳಿ, ಬಂಗುಡೆ ಬಿಳಿ, ಅವುಗಳ ನಡುವೆ ಪೊಟ್ಟಣ ಇದ್ದರೆ ಅದೂ ಬಿಳಿ. 30 ಸೆಂಟಿಮೀಟರ್ ಐಸನ್ನು ದಾಟಿ ಹಿಂದಿರುಗುವುದು ಲಕ್ಷದಲ್ಲಿ ಐದು ಫೋಟಾನ್ ಮಾತ್ರ, ಅದೂ ಒಳಗೆ ಹೋದದ್ದೆಲ್ಲ ಹಿಂದಕ್ಕೇ ತಿರುಗಿತು ಎಂದುಕೊಂಡರೆ. ಸ್ಟೀಲಿನ ಬೋಟಾದರೆ ಇನ್ನೂ ಕಷ್ಟ. ಸುಮಾರು ಎರಡೂವರೆ ಮಿಲಿಮೀಟರ್ ಸ್ಟೀಲಿಗೇ ಈ ಕಿರಣ ಅರ್ಧ ಆಗುತ್ತದೆ, ಮತ್ತು ಅದನ್ನು ಎರಡು ಸಲ ದಾಟಬೇಕು. ಅಂಥಲ್ಲಿ ಸ್ಟೋರೇಜಿಗೆ ಇಳಿದು ಐಸು ಸರಿಸಿ ನೋಡುವ ಮನುಷ್ಯರೇ ಬೇಕು.

ಸ್ಕ್ಯಾನ್ ಆದ ಮೀನು ತಿಂದರೆ ಕ್ಯಾನ್ಸರ್ ಬರುತ್ತದೆ ಎಂಬ ಭಯವೂ ಇದೆ. ಮೆಟ್ರೊದಲ್ಲಿ ಊಟದ ಡಬ್ಬಿಯನ್ನು ಯಂತ್ರಕ್ಕೆ ಹಾಕಲು ಹಿಂಜರಿಯುವವರಿಗೂ ಇದೇ ಭಯ. ಇದಕ್ಕೆ ಆಧಾರವಿಲ್ಲ. ಆಹಾರ ವಿಕಿರಣ ಸೂಸುವಂತೆ ಆಗಬೇಕಾದರೆ ಪರಮಾಣುವಿನ ನ್ಯೂಕ್ಲಿಯಸ್ಸೇ ಬದಲಾಗಬೇಕು. ಅದಕ್ಕೆ ಸಾಮಾನ್ಯವಾಗಿ ಹತ್ತಾರು ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಬೇಕು. ಇಲ್ಲಿರುವುದು ಒಂದು ಲಕ್ಷದ ಆಸುಪಾಸು. ಯಂತ್ರ ಆರಿಸಿದ ಕ್ಷಣಕ್ಕೆ ಎಕ್ಸ್-ರೇಯೂ ಇಲ್ಲ, ಮೀನಿನಲ್ಲಿ ಅದರ ಉಳಿಕೆಯೂ ಇಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಜೀವಂತ ಮನುಷ್ಯರ ವಿಷಯದಲ್ಲಿ. ಅದಕ್ಕೇ ಇಂಥ ಯಂತ್ರಗಳ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಿವೆ.

ಇನ್ನು ನೀರಿನ ಕೆಳಗಿನ ಭಾಗ. ಹಡಗಿನ ತಳಕ್ಕೆ ಹೊರಗಿನಿಂದ ಪೆಟ್ಟಿಗೆ ಅಂಟಿಸಿ ಮಾದಕ ವಸ್ತು ಸಾಗಿಸುವವರಿದ್ದಾರೆ. ಒಂದು ಮೀಟರ್ ನೀರನ್ನು ನೇರವಾಗಿ ದಾಟುವುದು ಎರಡೂವರೆ ಕೋಟಿಗೆ ಒಂದು ಫೋಟಾನ್. ಅಲ್ಲಿಗೆ ಈ ಕಿರಣದ ಕೆಲಸ ಮುಗಿಯಿತು. ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಸಮುದ್ರದ ನೀರಿನಲ್ಲಿ ಸಾಗುವ ಶಬ್ದದ ಪ್ರತಿಧ್ವನಿಯನ್ನು ಬಳಸುವ ಸೋನಾರ್, ಮತ್ತು ನೀರಿಗೆ ಧುಮುಕುವ ಮುಳುಗುಗಾರರು ಅಲ್ಲಿ ಹುಡುಕುತ್ತಾರೆ.